ಪಾಲಹಳ್ಳಿಯಿಂದ ಮೈಸೂರಿಗೆ ದಿನಾ ಸೈಕಲ್: ಹೈವೇ ಪಕ್ಕದ ದಾರಿಯೋ, ಬೆಳಗೊಳದ ದಾರಿಯೋ?

ಪಾಲಹಳ್ಳಿ ಟೈಲರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಶ್ರೀರಂಗಪಟ್ಟಣ ತಾಲ್ಲೂಕಿನ ಪಾಲಹಳ್ಳಿಯವನು. ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರ ಟೈಲರ್ ಕೆಲಸ. ಬೆಳಿಗ್ಗೆ 9ಕ್ಕೆ ಮಿಷನ್ ಮುಂದೆ ಕೂತಿರಬೇಕು, ರಾತ್ರಿ ಏಳೂವರೆಗೆ ಬಿಡುತ್ತಾರೆ. ದಿನವಿಡೀ ಕೂತೇ ಇರುವ ಕೆಲಸ. ವಯಸ್ಸು 41. ಕಳೆದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಜಾಸ್ತಿ ಇದೆ ಎಂದು ಗೊತ್ತಾಯಿತು. ಆವತ್ತೇ ಬೈಕ್ ಬಿಟ್ಟು ಸೈಕಲ್‌ನಲ್ಲಿ ಹೋಗಬೇಕು ಎಂದು ತೀರ್ಮಾನಿಸಿದೆ. ಗೇರ್ ಇಲ್ಲದ ಹೀರೋ ಸೈಕಲ್ ಇದೆ, ಚೆನ್ನಾಗಿದೆ.

ನನ್ನ ಮುಂದೆ ಎರಡು ದಾರಿ ಇವೆ. ಒಂದು, ಪಶ್ಚಿಮವಾಹಿನಿಗೆ ಬಂದು ಬೆಂಗಳೂರು ಹೆದ್ದಾರಿಯ ಸರ್ವಿಸ್ ರಸ್ತೆ ಹಿಡಿದು ಕಳಸ್ತವಾಡಿ, ಸಿದ್ದಲಿಂಗಪುರದ ಮೇಲೆ ಹೋಗುವುದು. ಇನ್ನೊಂದು, ಬೆಳಗೊಳದ ಮೇಲೆ ಕೆಆರ್‌ಎಸ್ ರಸ್ತೆ ಸೇರಿ ಮೇಟಗಳ್ಳಿ, ಒಂಟಿಕೊಪ್ಪಲಿನಿಂದ ಊರೊಳಗೆ ಹೋಗುವುದು. ಇದು ಸ್ವಲ್ಪ ಸುತ್ತು.

ನಮ್ಮಪ್ಪ ಇದೇ ಹಳೇ ಬೆಂಗಳೂರು ರಸ್ತೆಯಲ್ಲಿ ಕ್ಯಾರಿಯರ್‌ಗೆ ಸೊಪ್ಪಿನ ಮೂಟೆ ಕಟ್ಟಿಕೊಂಡು ಮಾರ್ಕೆಟ್‌ಗೆ ಹೋಗುತ್ತಿದ್ದರು. ದಾರಿಯುದ್ದಕ್ಕೂ ಮರದ ನೆರಳು ಇತ್ತು. ನಾನು ಮುಂದಿನ ಬಾರ್ ಮೇಲೆ ಟವೆಲ್ ಹಾಕಿಕೊಂಡು ಕೂರುತ್ತಿದ್ದೆ. ಈಗ ಆ ರಸ್ತೆ ನೋಡಿದರೆ ಸೈಕಲ್ ಇಳಿಸಲು ಧೈರ್ಯವೇ ಬರುವುದಿಲ್ಲ. ಮನೆಯಲ್ಲಿ ಹೆಂಡತಿಗೂ ಭಯ. ದಿನಾ ಓಡಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಸಿದ್ದಲಿಂಗಪುರದವ:

ಅಣ್ಣಾ, ಮೊದಲು ಒಂದು ಮಾತು. 2023ರ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕ್, ಆಟೋ, ಟ್ರಾಕ್ಟರ್ ಬಿಡುವುದಿಲ್ಲ. ಸೈಕಲ್ ಕೂಡ ಅದೇ ಪಟ್ಟಿಯಲ್ಲಿದೆ. ಖಾಲಿ ಇದೆ ಎಂದು ಸುಮ್ನೆ ಒಳಗೆ ನುಗ್ಗಬೇಡಿ. ಸರ್ವಿಸ್ ರಸ್ತೆಯೇ ನಮ್ಮದು.

ಆ ರಸ್ತೆ ಕೆಟ್ಟದ್ದೇನಲ್ಲ. ದಾರಿಯಲ್ಲಿ ಅಂಗಡಿ ಇವೆ, ಜನ ಇರುತ್ತಾರೆ, ರಾತ್ರಿ ಬೆಳಕೂ ಸಿಗುತ್ತದೆ. ತೊಂದರೆ ಎರಡು. ಎದುರಿನಿಂದ ಬರುವ ಬೈಕ್‌ಗಳದ್ದು ಒಂದು. ಸುತ್ತು ಹಾಕಿ ಬರಲು ಸೋಮಾರಿತನ ಅವರಿಗೆ. ಇನ್ನೊಂದು ಟೈರ್ ತಂತಿ. ಸಿಡಿದ ಲಾರಿ ಟೈರ್ ಒಳಗಿನ ಸಣ್ಣ ಉಕ್ಕಿನ ಎಳೆಗಳು ರಸ್ತೆ ಅಂಚಿಗೆ ಬಂದು ಬಿದ್ದಿರುತ್ತವೆ. ಕೂದಲಿನಷ್ಟು ತೆಳ್ಳಗೆ, ಕಣ್ಣಿಗೇ ಕಾಣುವುದಿಲ್ಲ. ಎರಡು ತಿಂಗಳಲ್ಲಿ ನನಗೆ ಐದು ಪಂಕ್ಚರ್ ಆಯಿತು. ಟ್ಯೂಬ್ ಬದಲಾಯಿಸಿ ಹಾಗೇ ಹೊರಡಬೇಡಿ. ಟೈರಿನ ಒಳಗೆ ಬಟ್ಟೆ ಆಡಿಸಿ ನೋಡಿ, ಎಳೆ ಸಿಕ್ಕಿಕೊಳ್ಳುತ್ತದೆ. ಇಲ್ಲದಿದ್ದರೆ ಅರ್ಧ ಕಿಲೋಮೀಟರ್‌ಗೆ ಮತ್ತೆ ಗಾಳಿ ಹೋಗುತ್ತದೆ.

ಷಷ್ಠಿ ದಿನ ಮಾತ್ರ ನಮ್ಮೂರ ಕಡೆ ಬರಲೇಬೇಡಿ. ಸುಬ್ರಹ್ಮಣ್ಯನ ದೇವಸ್ಥಾನಕ್ಕೆ ನಸುಕಿನಿಂದಲೇ ಜನ ತುಂಬಿರುತ್ತಾರೆ.

ಬೆಳಗೊಳ ಮೇಷ್ಟ್ರು:

ನಾನು ನಿವೃತ್ತ ಶಿಕ್ಷಕ. ಹನ್ನೊಂದು ವರ್ಷ ಬೆಳಗೊಳದಿಂದ ಮೈಸೂರಿಗೆ ಸೈಕಲ್‌ನಲ್ಲೇ ಶಾಲೆಗೆ ಹೋಗಿದ್ದೇನೆ. ಹಾಗಾಗಿ ನನ್ನ ಓಟು ಕೆಆರ್‌ಎಸ್ ರಸ್ತೆಗೆ.

ಮೊದಲು ಏರಿನ ವಿಷಯ. ನೀವಿರುವುದು ಕಾವೇರಿ ದಡದಲ್ಲಿ. ಮೈಸೂರು ನಿಮಗಿಂತ ಸುಮಾರು 80 ಮೀಟರ್ ಎತ್ತರದಲ್ಲಿದೆ. ಯಾವ ದಾರಿ ಹಿಡಿದರೂ ಹೋಗುವಾಗ ಏರು, ಬರುವಾಗ ಇಳಿಜಾರು. ಗೇರ್ ಇಲ್ಲದ ಸೈಕಲ್‌ಗೆ ಮೊದಲ ವಾರ ತೊಡೆ ನೋಯುತ್ತದೆ. ಮುಂಗಾರಿನಲ್ಲಿ ನೈಋತ್ಯದ ಗಾಳಿ ಎದೆಗೇ ಬಡಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಹದಿನೈದು ನಿಮಿಷ ಮುಂಚೆ ಹೊರಡಿ.

ಬೆಳಿಗ್ಗೆ ಏಳಕ್ಕೆ ನಮ್ಮ ರಸ್ತೆ ನೋಡಬೇಕು ನೀವು. ಎರಡೂ ಕಡೆ ಗದ್ದೆ, ಮೇಲೆ ರಂಗನತಿಟ್ಟಿನಿಂದ ಮೇವಿಗೆ ಹೊರಟ ಕೊಕ್ಕರೆಗಳು. ಪಾಲಹಳ್ಳಿಯಿಂದ ಬೆಳಗೊಳದವರೆಗೆ ಸೂರ್ಯ ಬೆನ್ನಿಗಿರುತ್ತಾನೆ, ಕಣ್ಣಿಗೆ ಹೊಡೆಯುವುದಿಲ್ಲ. ಮೇಟಗಳ್ಳಿ ಹತ್ತಿರ ಫ್ಯಾಕ್ಟರಿ ಶಿಫ್ಟ್ ಬಿಡುವ ಹೊತ್ತಿಗೆ ಸ್ವಲ್ಪ ಗಲಾಟೆ. ರಿಂಗ್ ರಸ್ತೆ ದಾಟುವಾಗ ಮಾತ್ರ ಇಳಿದು ತಳ್ಳಿಕೊಂಡೇ ಹೋಗಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಒಂದೇ ಎಚ್ಚರಿಕೆ. ಸುಗ್ಗಿ ಕಾಲದಲ್ಲಿ ರಸ್ತೆ ಮೇಲೇ ಹುರುಳಿ, ರಾಗಿ ಹರಡಿರುತ್ತಾರೆ. ವಾಹನದ ಚಕ್ರಕ್ಕೆ ಸಿಕ್ಕಿ ಕಾಳು ಬಿಡಲಿ ಎಂದು. ಕಾರಿಗೆ ಏನೂ ಆಗುವುದಿಲ್ಲ, ಸೈಕಲ್ ಜಾರುತ್ತದೆ. ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಂಡರೆ ಚಕ್ರ ಅಲ್ಲೇ ನಿಲ್ಲುತ್ತದೆ. ನಾನು ಹಾಗೆ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡೆ. ದೂರದಿಂದ ಕಂಡ ತಕ್ಷಣ ಇಳಿದುಬಿಡಿ. ಬ್ರೇಕ್ ಹಿಡಿದು ಅದರ ಮೇಲೆ ಹೋಗಬೇಡಿ.

ರಾತ್ರಿ ಪಾಳಿ:

ಮೇಷ್ಟ್ರು ಹೇಳಿದ್ದು ಹಗಲಿಗೆ ಸರಿ. ಆದರೆ ಇವರು ಹಿಂದಿರುಗುವುದು ರಾತ್ರಿ ಅಲ್ವಾ? ನಾನು ಅದೇ ರಸ್ತೆಯಲ್ಲಿ ರಾತ್ರಿ ಬೈಕ್ ಓಡಿಸುವವನು. ಬೆಳಗೊಳ ದಾಟಿದ ಮೇಲೆ ಕತ್ತಲು. ಗದ್ದೆಗೆ ನೀರು ಬಿಟ್ಟಾಗ ಹುಳ ಮುಖಕ್ಕೆ ರಪರಪ ಹೊಡೆಯುತ್ತವೆ. ಶನಿವಾರ, ಭಾನುವಾರ ಬೃಂದಾವನದಲ್ಲಿ ಕಾರಂಜಿ ನೋಡಿಕೊಂಡು ಕಾರುಗಳು ಸಾಲಾಗಿ ಎದುರು ಬರುತ್ತವೆ, ಎಲ್ಲರದೂ ಹೈ ಬೀಮ್. ರಸ್ತೆ ಅಂಚೇ ಕಾಣುವುದಿಲ್ಲ. ಕಬ್ಬಿನ ಟ್ರಾಕ್ಟರ್‌ಗಳ ಹಿಂದೆ ಎಷ್ಟೋ ಸಲ ಒಂದು ಕೆಂಪು ದೀಪವೂ ಇರುವುದಿಲ್ಲ.

ಸೈಕಲ್ ಹಿಂದೆ ಮಿನುಗುವ ಕೆಂಪು ದೀಪ ಹಾಕಿಸಿ. ಪೆಡಲ್‌ಗೆ ರಿಫ್ಲೆಕ್ಟರ್ ಇರಲಿ. ಕಾಲು ಮೇಲೆ ಕೆಳಗೆ ಆಡುವಾಗ ಅದು ಹೊಳೆದರೆ, ಇದು ಸೈಕಲ್ ಎಂದು ನಮಗೆ ದೂರದಿಂದಲೇ ಗೊತ್ತಾಗುತ್ತದೆ.

ಪಾಲಹಳ್ಳಿ ಟೈಲರ್:

ಎಲ್ಲರಿಗೂ ಕೈ ಮುಗಿಯುತ್ತೇನೆ. ಒಂದು ವಾರ ಓಡಿಸಿ ನೋಡಿ ಬರೆಯುತ್ತಿದ್ದೇನೆ.

ಸೋಮವಾರ, ಮಂಗಳವಾರ ಹೋಗಿ ಬರುವುದು ಎರಡೂ ಸರ್ವಿಸ್ ರಸ್ತೆಯಲ್ಲಿ. ಹೋಗಲು ಒಂದು ಗಂಟೆ ಹತ್ತು ನಿಮಿಷ ಆಯಿತು. ಆದರೆ ಬೆಳಿಗ್ಗೆ ಪಕ್ಕದ ಹೈವೇ ಸದ್ದಿಗೆ ಅಂಗಡಿ ಸೇರುವಷ್ಟರಲ್ಲಿ ತಲೆ ಭಾರ. ಬುಧವಾರ ಬೆಳಗೊಳದ ಮೇಲೆ ಹೋದೆ. ಹದಿನೈದು ನಿಮಿಷ ಜಾಸ್ತಿ ಹಿಡಿಯಿತು, ಆದರೂ ಕೈ ಹಗುರವಾಗಿತ್ತು. ಆವತ್ತು ಒಂದು ಬ್ಲೌಸ್ ಕೂಡ ಬಿಚ್ಚಿ ಹೊಲಿಯಲಿಲ್ಲ. ರಾತ್ರಿ ಅದೇ ದಾರಿಯಲ್ಲಿ ವಾಪಸ್ ಬಂದೆ. ರಾತ್ರಿ ಪಾಳಿಯವರು ಹೇಳಿದ್ದು ಅಕ್ಷರಶಃ ನಿಜ. ಒಂದು ಟ್ರಾಕ್ಟರ್‌ಗೆ ಇನ್ನು ಎರಡು ಮೊಳದಲ್ಲಿ ಗುದ್ದುತ್ತಿದ್ದೆ.

ಗುರುವಾರದಿಂದ ಬೆಳಿಗ್ಗೆ ಬೆಳಗೊಳ, ರಾತ್ರಿ ಸಿದ್ದಲಿಂಗಪುರ ಎಂದು ಮಾಡಿಕೊಂಡಿದ್ದೇನೆ. ಒಂದೇ ದಾರಿ ಆರಿಸಬೇಕು ಎಂದು ನಾನು ಯಾಕೆ ಅಂದುಕೊಂಡಿದ್ದೆನೋ ಗೊತ್ತಿಲ್ಲ. ರಾತ್ರಿ ಇಳಿಜಾರು ಬೇರೆ, ಒಂದು ಗಂಟೆಯೊಳಗೆ ಮನೆ. ಪಶ್ಚಿಮವಾಹಿನಿ ತಿರುವಿಗೆ ಬಂದ ಮೇಲೆ ಮನೆಗೆ ಫೋನ್ ಮಾಡುತ್ತೇನೆ. ಆಮೇಲೆ ಅವಳು ಮುದ್ದೆಗೆ ಎಸರಿಡುತ್ತಾಳೆ.

ಮೇಷ್ಟ್ರೇ, ಹುರುಳಿ ಹರಡಲು ಶುರುವಾದ ದಿನ ಇಲ್ಲಿ ಒಂದು ಸಾಲು ಹಾಕಿಬಿಡಿ. ಸಿದ್ದಲಿಂಗಪುರದವರೇ, ಶುಕ್ರವಾರ ಆ ತಂತಿ ನನಗೂ ಸಿಕ್ಕಿತು. ಬಟ್ಟೆ ಆಡಿಸಿದೆ, ಒಂದಲ್ಲ, ಎರಡು ಎಳೆ ಬಂದವು.