ಕೊಂಡ ಕೂದಲ ಉಪಚಾರ

"ನನ್ನ ತಲೆಗೆ ಎರೆದುಕೊಳ್ಳೋಕೇ ಪುರುಸೊತ್ತಿಲ್ಲ, ಇನ್ನು ಇದಕ್ಕೂ ಎರೀಬೇಕಂತೆ," ಎಂದು ಪ್ರತಿಭಾ ಬ್ಯಾಗಿನಿಂದ ಒಂದು ಸ್ಯಾಟಿನ್ ಚೀಲ ತೆಗೆದು ಅದರ ಬಾಯಿ ಬಿಚ್ಚಿದಳು. ಉದ್ದ ಕೂದಲು ಸರ್ರನೆ ಹೊರಗೆ ಇಳಿಯಿತು. ಎದುರು ಸೀಟಿನ ಅಜ್ಜಿ ಕಾಲು ಮೇಲೆ ಎಳೆದುಕೊಂಡರು.

ಡೊಂಬಿವಲಿಯಿಂದ ಮುಂಬೈ ಸಿಎಸ್‌ಎಂಟಿಗೆ ಹೋಗುವ ಫಾಸ್ಟ್ ಲೋಕಲ್ ರೈಲು, ಲೇಡೀಸ್ ಡಬ್ಬಿ, ಕಿಟಕಿ ಪಕ್ಕ ನಮ್ಮ ಕನ್ನಡ ಮೂಲೆ. ಸಂಜೆ ಇಲ್ಲಿ ಬಟಾಣಿ ಸುಲಿಯುತ್ತೇವೆ, ಬೆಳಿಗ್ಗೆ ಕೈಗೆ ಸಿಕ್ಕವರನ್ನು. ಅವತ್ತು ಸಿಕ್ಕಿದ್ದು ಪ್ರತಿಭಾ ಮತ್ತು ತಲೆಗೆ ಕ್ಲಿಪ್ಪಿನಲ್ಲಿ ಸಿಕ್ಕಿಸಿಕೊಳ್ಳುವ ಅವಳ 18 ಇಂಚಿನ ಎಕ್ಸ್‌ಟೆನ್ಶನ್ನು. ತಮ್ಮನ ಮದುವೆಗೆ ಅಂತ ಕೊಂಡಿದ್ದು. ಹೋಮದ ಹೊಗೆ, ಹೇರ್ ಸ್ಪ್ರೇ, ಬೀಗರೂಟದ ಒಗ್ಗರಣೆ, ಎಲ್ಲದರ ವಾಸನೆ ಹೊತ್ತು ಬಂದಿತ್ತು. ಒಂದು ಕ್ಲಿಪ್ಪಿನಲ್ಲಿ ಒಣಗಿದ ಮಲ್ಲಿಗೆ ಎಸಳು ಇನ್ನೂ ಸಿಕ್ಕಿಕೊಂಡಿತ್ತು.

"ಅದರಾಗ ಕೇಳೋದೇನೈತಿ?" ಎಂದರು ಧಾರವಾಡದ ಸುಮಿತ್ರಾ. "ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಚು. ಸೀಗೆಕಾಯಿ ಹಾಕಿ ಚೆನ್ನಾಗಿ ತಿಕ್ಕು. ಸುಡು ಸುಡು ನೀರು ಹೊಯ್ದು ಬಿಸಿಲಿಗೆ ಹಾಕು. ಕೂದಲಂದ್ರ ಕೂದಲ ಅಲ್ಲೇನು?"

"ಬೇಡ ಮಾರಾಯ್ತಿ, ಬೇಡ!" ಶಾರದಕ್ಕ ಕಿವಿ ಮುಚ್ಚಿಕೊಂಡರು. ಕುಂದಾಪುರ ಕಡೆಯವರು. ಅವರ ಯಜಮಾನರು ವಾರವಿಡೀ ಆಫೀಸಿನಲ್ಲಿ ಲೆಕ್ಕ ಬರೆಯುತ್ತಾರೆ, ಭಾನುವಾರ ಯಕ್ಷಗಾನದಲ್ಲಿ ಸ್ತ್ರೀವೇಷ ಕಟ್ಟುತ್ತಾರೆ. ಹಾಗಾಗಿ ಚೌರಿ ವಿಷಯಕ್ಕೆ ನಮ್ಮ ಮೂಲೆಯಲ್ಲಿ ಶಾರದಕ್ಕನ ಮಾತೇ ಕೊನೆ. "ನಮ್ಮವರ ಚೌರಿಗೆ ಎಣ್ಣೆ ಕೈ ತಾಗಿಸಿದರೆ ಮನೆಯಲ್ಲಿ ರಾಕ್ಷಸ ವೇಷ ಶುರುವಾಗ್ತದೆ."

ಕಾರಣ ಸರಳ. ತಲೆಯ ಮೇಲಿರುವ ಕೂದಲಿಗೆ ಬುಡದಿಂದ ಜಿಡ್ಡು ಬರುತ್ತದೆ, ಕ್ಲಿಪ್ಪಿನಲ್ಲಿರುವ ಕೂದಲಿಗೆ ಬುಡವೇ ಇಲ್ಲ. ಒಮ್ಮೆ ಒಣಗಿದರೆ ಒಣಗಿತು, ಒಳಗಿನಿಂದ ಏನೂ ಬರೋದಿಲ್ಲ.

ಸುಮಿತ್ರಾ ಬಿಡ್ತಾರಾ? "ಮತ್ತ ಅದಕ್ಕೇ ಎಣ್ಣೆ ಜಾಸ್ತಿ ಬೇಕಲ್ರೀ! ಹೆತ್ತ ತಾಯಿ ಇಲ್ಲದ ಕೂಸಿಗೆ ನಾವೇ ಹಚ್ಚಬೇಕಲ್ಲ!"

ನಮಗೂ ಒಂದು ಕ್ಷಣ ಹೌದಲ್ವಾ ಅನ್ನಿಸಿತು. ಆದರೆ ಬಾಟಲಿ ಎಣ್ಣೆ ಮೇಲೇ ಕೂತು ಧೂಳು ಹಿಡಿಯುತ್ತದೆ, ಅದನ್ನು ಬಿಡಿಸೋಕೆ ಮತ್ತಷ್ಟು ಶಾಂಪೂ ಬೇಕು, ಅಷ್ಟು ಶಾಂಪೂ ಹಾಕಿದರೆ ಕೂದಲು ಇನ್ನಷ್ಟು ಒಣಗುತ್ತದೆ, ಅದನ್ನು ನೋಡಿ ಸುಮಿತ್ರಾ ಇನ್ನಷ್ಟು ಎಣ್ಣೆ ಹಚ್ಚು ಅನ್ನುತ್ತಾರೆ. ಅದಕ್ಕೇ ಎಣ್ಣೆ ಬದಲು ಕಂಡೀಷನರು. ಅದೂ ನಡುವಿನಿಂದ ತುದಿಗೆ ಮಾತ್ರ.

"ಎಣ್ಣೆ ಕತೆ ನನ್ನನ್ನು ಕೇಳಿ," ಎಂದಳು ಲತಾ. ಅವಳದು ಪಾರ್ಲರಿನಲ್ಲಿ ತಲೆಗೇ ಅಂಟಿಸಿದ ಟೇಪಿನ ಕೂದಲು. ಮನೆಯಲ್ಲಿ ಗಂಡನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ದೀಪಾವಳಿಗೆ ಕುಮಟಾಕ್ಕೆ ಹೋಗಿದ್ದಾಳೆ. ನರಕ ಚತುರ್ದಶಿ, ಇನ್ನೂ ಕತ್ತಲು, ಅತ್ತೆ ಪ್ರೀತಿಯಿಂದ ಮಣೆ ಹಾಕಿ ಕೂರಿಸಿ ನೆತ್ತಿಗೆ ಬಿಸಿ ಎಣ್ಣೆ ಸುರಿದು ತಟ್ಟಿದ್ದಾರೆ. ಟೇಪಿನ ಅಂಟಿಗೆ ಎಣ್ಣೆ ಅಂದರೆ ವೈರಿ. ಪಾರ್ಲರಿನಲ್ಲಿ ಟೇಪು ಬಿಡಿಸೋಕೂ ಎಣ್ಣೆಯಂಥದ್ದೇ ಏನೋ ಹಚ್ಚುತ್ತಾರೆ. ಅತ್ತೆ ತಟ್ಟಿದರು, ನೀವಿದರು, ಆಮೇಲೆ ಕೈ ಎತ್ತಿ ನೋಡಿದರೆ ಬೆರಳ ಸಂದಿಯಲ್ಲಿ ಸೊಸೆಯ ಕೂದಲು ಕಂತೆ ಕಂತೆ.

"ಅತ್ತೆ ಅಲ್ಲೇ ಕುಸಿದು ಕೂತರು. 'ತಂಗೀ, ಆ ಮುಂಬೈ ನೀರು ನಿನ್ನನ್ನ ಹೀಗೆ ಮಾಡ್ತಾ?' ಅಂತ ಒಂದೇ ಸಮ ಅಳು. ನಾನೂ ಹೌದು ಅಂದುಬಿಟ್ಟೆ."

"ನಿಜ ಹೇಳಲಿಲ್ವಾ?"

"ಹೇಗೆ ಹೇಳಲಿ? ಈಗ ಊರಿಂದ ಯಾರು ಬಂದರೂ ಅವರ ಕೈಲಿ ಒಂದು ಬಾಟ್ಲಿ ಭೃಂಗರಾಜದ ಎಣ್ಣೆ ಬರ್ತದೆ."

ಥಾಣೆ ಸ್ಟೇಷನ್ನಿನಲ್ಲಿ ಜನ ನುಗ್ಗಿದರು. ಕೂದಲು ಕೈಯಿಂದ ಕೈಗೆ ದಾಟಿತು. ಪಕ್ಕದಲ್ಲಿ ನಿಂತಿದ್ದ ಮರಾಠಿ ಬಾಯಿಯೊಬ್ಬರು "ಗಂಗಾವನ್ ಆಹೇ ಕಾ?" (ಚೌರಿನಾ?) ಎಂದು ಒಮ್ಮೆ ನೇವರಿಸಿ ನೋಡಿ, ತಮ್ಮ ತುರುಬನ್ನೂ ಒಮ್ಮೆ ಮುಟ್ಟಿಕೊಂಡರು. ಆ ಮುಟ್ಟಿಕೊಂಡ ರೀತಿ ನೋಡಿದರೆ ಅವರದ್ದೂ ಪೂರ್ತಿ ಸ್ವಂತದ್ದಲ್ಲ ಅಂತ ನನ್ನ ಅನುಮಾನ.

ತೊಳೆಯೋದು ಹೇಗೆ ಅಂತ ಶಾರದಕ್ಕ ಅಲ್ಲೇ ಮಾಡಿ ತೋರಿಸಿದರು. ನೀರು ಮುಟ್ಟಿಸುವ ಮೊದಲೇ ಸಿಕ್ಕು ಬಿಡಿಸಬೇಕು, ಒದ್ದೆಯಾದ ಮೇಲೆ ಕೂದಲು ಹಿಗ್ಗಿ ಬೇಗ ತುಂಡಾಗುತ್ತದೆ. ಎಡಗೈಯಲ್ಲಿ, ಕೂದಲನ್ನು ಸಾಲಾಗಿ ಹೊಲಿದ ಪಟ್ಟಿಯ ಕೆಳಗೆ ಬಿಗಿಯಾಗಿ ಹಿಡಿದರು. ಬಲಗೈಯಲ್ಲಿ ಅಗಲ ಹಲ್ಲಿನ ಬಾಚಣಿಗೆ. ತುದಿಯ ನಾಲ್ಕು ಬೆರಳಷ್ಟು ಮೊದಲು, ಅದು ಸಲೀಸಾದ ಮೇಲೆ ಸ್ವಲ್ಪ ಮೇಲೆ, ಹಾಗೆ ಏರುತ್ತ ಪಟ್ಟಿಯವರೆಗೆ. ನಾವೆಲ್ಲ ನೆತ್ತಿಯಿಂದ ಒಂದೇ ಏಟಿಗೆ ಬಾಚಿ ಗಂಟನ್ನೆಲ್ಲ ತುದಿಗೆ ತಳ್ಳುತ್ತೇವಲ್ಲ, ಅದು ಇಲ್ಲಿ ನಡೆಯಲ್ಲ. ಎಳೆದರೆ ಎಳೆ ಪಟ್ಟಿಯಿಂದಲೇ ಕಿತ್ತು ಬರುತ್ತದೆ.

"ಆಮೇಲೆ ಉಗುರು ಬೆಚ್ಚಗಿನ ನೀರು. ಸಲ್ಫೇಟ್ ಇಲ್ಲದ ಶಾಂಪೂವನ್ನು ಮಗ್ಗಿನಲ್ಲಿ ಕದಡಿಕೊಂಡು ಮೇಲಿಂದ ಕೆಳಕ್ಕೆ ಬೆರಳಲ್ಲಿ ಇಳಿಸಬೇಕು. ತಿಕ್ಕೋದು ಇಲ್ಲ, ಗುಡ್ಡೆ ಮಾಡಿ ಕುಕ್ಕೋದು ಇಲ್ಲ. ಕೂದಲ ಮೇಲೆ ಮಂಗಳೂರು ಹೆಂಚು ಹೊದಿಸಿದ ಹಾಗೆ ಪದರ ಇರ್ತದೆ, ಬುಡದಿಂದ ತುದಿ ಕಡೆಗೆ. ಹೆಂಚಿನ ಮೇಲೆ ನೀರು ಕೆಳಗೆ ಹರಿದರೆ ಸರಿ, ಕೆಳಗಿಂದ ಮೇಲೆ ಹೊಡೆದರೆ?"

"ಮನೆಯೆಲ್ಲ ಸೋರುತ್ತೆ," ಅಂದೆ. ನಮ್ಮ ಸೊಸೈಟಿಯ ಟೆರೇಸಿಗೆ ಹೆಂಚೂ ಬೇಕಿಲ್ಲ, ಸುಮ್ನೆ ಸೋರುತ್ತೆ, ಅದು ಬೇರೆ ಮಾತು.

ಅಗ್ಗದ ಮಾಲಿನಲ್ಲಿ ಇದೇ ಮೋಸವಂತೆ. ಬುಡ ಯಾವುದು, ತುದಿ ಯಾವುದು ನೋಡದೆ ಉದುರಿದ ಕೂದಲನ್ನೆಲ್ಲ ಒಟ್ಟು ಮಾಡಿ, ಆಸಿಡ್ಡಿನಲ್ಲಿ ಆ ಪದರವನ್ನೇ ಕಿತ್ತು, ಮೇಲೆ ಸಿಲಿಕೋನ್ ಬಳಿದು ಮಿರಮಿರ ಮಾಡುತ್ತಾರೆ. ಕೆಲವು ಸಲ ತೊಳೆಯುವಷ್ಟರಲ್ಲಿ ಬಣ್ಣ ಬಯಲಾಗಿ ಕೂದಲು ಮುದ್ದೆಯಾಗುತ್ತದೆ. ಎಲ್ಲ ಎಳೆಯ ಬುಡವೂ ಒಂದೇ ಕಡೆಗಿದ್ದರೆ ಅದಕ್ಕೆ ರೆಮಿ ಅನ್ನುತ್ತಾರೆ. ಬೆಲೆಯೂ ಹಾಗೇ ಇರುತ್ತದೆ.

"ಎಷ್ಟು ದಿನಕ್ಕೊಮ್ಮೆ ತೊಳೀಬೇಕು?"

"ದಿನ ಲೆಕ್ಕ ಅಲ್ಲ, ಹಾಕಿಕೊಂಡ ಲೆಕ್ಕ. ಹದಿನೈದು ಇಪ್ಪತ್ತು ಸಲ ಹಾಕಿದ ಮೇಲೆ ಸಾಕು. ಬೆವರು, ಸ್ಪ್ರೇ ಜಾಸ್ತಿ ಆದರೆ ಸ್ವಲ್ಪ ಬೇಗ."

ಪ್ರತಿಭಾಳ ಮುಖ ಅರಳಿತು. ಇಷ್ಟು ಹೊತ್ತಿನಲ್ಲಿ ಅವಳಿಗೆ ಹಿಡಿಸಿದ ಮಾತು ಇದೊಂದೇ.

ಒಣಗಿಸೋದೇ ನಮ್ಮ ಊರಿನಲ್ಲಿ ಕಷ್ಟ. ಹಿಂಡಬಾರದು, ಟವಲಿನ ಮಧ್ಯೆ ಇಟ್ಟು ಒತ್ತಬೇಕು, ನೆರಳಲ್ಲಿ ಫ್ಯಾನಿನ ಗಾಳಿಗೆ ಬಿಡಬೇಕು. ಜುಲೈನಲ್ಲಿ ಇಲ್ಲಿ ಕರವಸ್ತ್ರವೇ ಒಣಗಲ್ಲ. ಅರ್ಧ ಒಣಗಿದ್ದನ್ನು ಚೀಲಕ್ಕೆ ತುರುಕಿದರೆ ಮುಗ್ಗಲು ವಾಸನೆ ಗ್ಯಾರಂಟಿ. ಹಾಗಂತ ಕಿಟಕಿಯ ಗ್ರಿಲ್ಲಿಗೆ ಕಟ್ಟಿದರೆ ಪಾರಿವಾಳಗಳು ಬಿಡ್ತಾವಾ? ಶಾರದಕ್ಕನ ಮನೆಯಲ್ಲಿ ಒಮ್ಮೆ ಸತ್ಯಭಾಮೆಯ ಜಡೆಯ ಒಂದು ಭಾಗ ಎದುರು ಬಿಲ್ಡಿಂಗಿನ ಎಸಿ ಪೆಟ್ಟಿಗೆಯ ಹಿಂದೆ ಗೂಡಾಗಿದೆ. ಅಂದಿನಿಂದ ಯಜಮಾನರು ಚೌರಿಯನ್ನು ಬೆಡ್‌ರೂಮಿನ ಫ್ಯಾನ್ ಕೆಳಗೆ ಹಾಸಿ ತಾವು ಹಾಲಿನಲ್ಲಿ ಮಲಗುತ್ತಾರೆ.

"ಮೂವತ್ತು ವರ್ಷದ ಸಂಸಾರ. ನನ್ನ ತಲೆ ಒಂದು ದಿನ ಬಾಚಿದವರಲ್ಲ," ಎಂದರು ಶಾರದಕ್ಕ. ಆ ಮಾತಿನಲ್ಲಿ ತಮಾಷೆ ಎಷ್ಟು, ಸಿಟ್ಟು ಎಷ್ಟು ಅಂತ ಅಂದಾಜು ಮಾಡೋಕೆ ಯಾರೂ ಹೋಗಲಿಲ್ಲ.

ಘಾಟ್ಕೋಪರ್ ದಾಟಿತು. ಲತಾ ಹೊಸ ಲೆಕ್ಕ ತೆಗೆದಳು. ಕೂದಲು ಬೆಳೆಯೋದು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರು. ಅಂದರೆ 18 ಇಂಚಿನ ಕೂದಲ ತುದಿಗೆ ಮೂರು ವರ್ಷ ತುಂಬಿದೆ.

"ನರ್ಸರಿಗೆ ಸೇರಿಸಬಹುದು," ಅಂದೆ.

"ಅಲ್ರೀ, ಮೂರು ವರ್ಷ ಯಾರ ತಲೆ ಮೇಲಿತ್ತು ಇದು?" ಎಂದರು ಸುಮಿತ್ರಾ.

ಅಂಗಡಿಯವನು ತಿರುಪತಿ ಕೂದಲು ಅಂದಿದ್ದನಂತೆ. ಅದರಲ್ಲಿ ಆಶ್ಚರ್ಯವೇನಿಲ್ಲ. ತಿರುಮಲದ ಕಲ್ಯಾಣಕಟ್ಟೆಯಲ್ಲಿ ಭಕ್ತರು ಕೊಟ್ಟ ಮುಡಿಯನ್ನು ಉದ್ದ ನೋಡಿ ವಿಂಗಡಿಸಿ ದೇವಸ್ಥಾನದವರು ಹರಾಜು ಹಾಕುತ್ತಾರೆ, 2011ರಿಂದ ಅದೂ ಆನ್‌ಲೈನ್. ಇಷ್ಟು ಕೇಳಿದ್ದೇ ತಡ, ಸುಮಿತ್ರಾ ಚಪ್ಪಲಿ ಬಿಟ್ಟರು. ಕೂದಲನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು "ಗೋವಿಂದಾ" ಎಂದರು. "ಯಾರದೋ ಹರಕೆ ನಿನ್ನ ತಲೆ ಮೇಲೆ ಐತಿ ಪ್ರತಿಭಾ, ಚೆನ್ನಾಗಿ ನೋಡಿಕೋ."

ಕುರ್ಲಾದಲ್ಲಿ ಕ್ಲಿಪ್ಪು, ರಬ್ಬರ್ ಬ್ಯಾಂಡು, ಟಿಕಲಿ ಮಾರುವ ಹುಡುಗಿ ಹತ್ತಿದಳು. ಭುಜದ ತುಂಬ ಮಾಲು ನೇತಾಡುತ್ತಿತ್ತು. ಸುಮಿತ್ರಾರ ಕೈಯಲ್ಲಿದ್ದ ಕೂದಲು ನೋಡಿ ನಿಂತಳು. ಎರಡು ಎಳೆ ಬೇರೆ ಮಾಡಿ ಹೆಬ್ಬೆರಳು, ತೋರುಬೆರಳ ಮಧ್ಯೆ ಹಿಂದೆ ಮುಂದೆ ಉಜ್ಜಿದಳು. ಬಾಗಿಲ ಬೆಳಕಿಗೆ ಹಿಡಿದಳು. "ಮಿಕ್ಸ್ ಹೈ ದೀದಿ," ಎಂದು ವಾಪಸ್ ಕೊಟ್ಟು ಮುಂದೆ ಹೋದಳು.

ಪ್ರತಿಭಾಳಿಗೆ ಮಾತೇ ಹೊರಡಲಿಲ್ಲ. ಅವಳ ಅರ್ಧ ಬೋನಸ್ಸು ಅದರಲ್ಲಿತ್ತು.

"ಸುಟ್ಟು ನೋಡು," ಎಂದರು ಶಾರದಕ್ಕ. "ಒಂದೊಂದೇ ಎಳೆ. ಅಸಲಿಯಾದರೆ ಕೂದಲು ಸುಟ್ಟ ನಾತ ಬಂದು ಪುಡಿಯಾಗ್ತದೆ. ಪ್ಲಾಸ್ಟಿಕ್ಕಾದರೆ ಕರಗಿ ಗಟ್ಟಿ ಮಣಿ ಆಗ್ತದೆ. ಇಲ್ಲಿ ಬೇಡ ಮಾರಾಯ್ತಿ, ಆ ಲೈಟರ್ ಒಳಗಿಡು! ಮನೆಯಲ್ಲಿ, ಸಿಂಕಿನ ಹತ್ತಿರ."

ಮಿಕ್ಸ್ ಆಗಿದ್ದರೆ ನಕಲಿಯ ನಿಯಮವೇ ಇಡೀ ಕೂದಲಿಗೆ. ತಣ್ಣೀರು ಮಾತ್ರ, ಡ್ರೈಯರ್ ಇಲ್ಲ, ಸ್ಟ್ರೈಟ್ನರ್ ಇಲ್ಲ. ಬಿಸಿ ತಾಗಿದರೆ ಪ್ಲಾಸ್ಟಿಕ್ ಎಳೆ ಸುರುಟಿ ಪಕ್ಕದ ಅಸಲಿಯನ್ನೂ ಹಿಡಿದುಕೊಳ್ಳುತ್ತದೆ.

ರಾತ್ರಿ ಗ್ರೂಪಿಗೆ ಪ್ರತಿಭಾಳ ಫೋಟೋ ಬಂತು. ಸ್ಟೀಲ್ ತಟ್ಟೆಯ ಒಂದು ಕಡೆ ಚಿಟಿಕೆ ಬೂದಿ, ಇನ್ನೊಂದು ಕಡೆ ಸಾಸಿವೆಗಿಂತ ಚಿಕ್ಕ ಕಪ್ಪು ಮಣಿ. ಕೆಳಗೆ ಅಂಗಡಿಯವನಿಗೆ ನಾಲ್ಕು ಸಾಲು ಸಹಸ್ರನಾಮ.

ಸುಮಿತ್ರಾರ ಉತ್ತರ ತಕ್ಷಣ ಬಂತು: "ಹಂಗಾದ್ರ ನಾನು ಅರ್ಧಕ್ಕಷ್ಟೇ ಕೈ ಮುಗಿದೆ ಅಂತ ಲೆಕ್ಕ. ಇನ್ನರ್ಧಕ್ಕಾದ್ರೂ ಎಣ್ಣೆ ಹಚ್ಚಬಹುದೇನ್ರಿ?"