ಧನುರ್ಮಾಸದಲ್ಲಿ ಕುಂಡದ ಮಲ್ಲಿಗೆ ಎಲೆ ಹಳದಿಯಾಗಿ ಉದುರುತ್ತಿದೆ, ಏನು ಮಾಡಲಿ?

ಕುವೆಂಪುನಗರ, ಮೈಸೂರು
ನಮಸ್ಕಾರ. ಬಾಲ್ಕನಿಯಲ್ಲಿ 14 ಇಂಚಿನ ಕುಂಡದಲ್ಲಿ ಮೈಸೂರು ಮಲ್ಲಿಗೆ ಇದೆ. ಮೇ ತಿಂಗಳಲ್ಲಿ ದಿನಾ ಒಂದು ಹಿಡಿ ಮೊಗ್ಗು ಸಿಗುತ್ತಿತ್ತು. ಈಗ ಎರಡು ವಾರದಿಂದ ಕೆಳಗಿನ ಎಲೆಗಳೆಲ್ಲ ಹಳದಿ. ಮುಟ್ಟಿದರೆ ಸಾಕು, ಕೈಗೇ ಬರುತ್ತವೆ. ಮೊಗ್ಗು ಒಂದೂ ಇಲ್ಲ. ಚಳಿಗೆ ಹೀಗಾಗಿರಬೇಕು ಅಂತ ರಾತ್ರಿ ಹಳೇ ಪಂಚೆ ಹೊದಿಸುತ್ತಿದ್ದೇನೆ. ದಿನಾ ಬೆಳಿಗ್ಗೆ ಒಂದು ಚೊಂಬು ನೀರು. ಮೊನ್ನೆ ಒಂದು ಚಮಚ ಡಿಎಪಿ ಗೊಬ್ಬರಾನೂ ಹಾಕಿದೆ.

ಶ್ರೀರಂಗಪಟ್ಟಣ
ಪಂಚೆ ಮೊದಲು ತೆಗೆಯಿರಿ ಮೇಡಂ! ನಮ್ಮ ಕಡೆ ಚಳಿ ಅಂದರೆ ಬೆಳಗಿನ ಜಾವ 15–16 ಡಿಗ್ರಿ. ಅದಕ್ಕೆಲ್ಲ ಮಲ್ಲಿಗೆ ಸಾಯುವುದಿಲ್ಲ. ಮೊಗ್ಗಿಲ್ಲ ಅನ್ನುವ ಚಿಂತೆಯೂ ಬೇಡ, ಈ ಕಾಲದಲ್ಲಿ ಗಿಡ ಸುಮ್ನೆ ಮಲಗಿರುತ್ತದೆ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗಿಳಿಸಿ ನೋಡಿ. ಮತ್ತೆ ಬಾಲ್ಕನಿ ಯಾವ ದಿಕ್ಕಿಗೆ?

ಕುವೆಂಪುನಗರ, ಮೈಸೂರು
ಬೆರಳಿಗೆ ಕೆಸರಿನ ಹಾಗೆ ಅಂಟಿತು. ಚರಂಡಿ ವಾಸನೆ ಬೇರೆ. ನೆಲ ಕೊಳೆಯಾಗಬಾರದು ಅಂತ ಕೆಳಗೆ ತಟ್ಟೆ ಇಟ್ಟಿದ್ದೆ, ಅದರಲ್ಲೂ ನೀರು ನಿಂತಿದೆ. ಬಾಲ್ಕನಿ ಉತ್ತರಕ್ಕೆ. ಆದರೆ ಮೇನಲ್ಲಿ ಅಲ್ಲಿ ಒಳ್ಳೆ ಬಿಸಿಲಿತ್ತಲ್ಲ?

ಶ್ರೀರಂಗಪಟ್ಟಣ
ಸಿಕ್ಕಿತು ನೋಡಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಈಗ ದಕ್ಷಿಣಕ್ಕೆ ವಾಲಿದ್ದಾನೆ. ಹಾಗಾಗಿ ನಿಮ್ಮ ಬಾಲ್ಕನಿ ದಿನವಿಡೀ ಮನೆಯ ನೆರಳಿನಲ್ಲೇ ಇರುತ್ತದೆ. ಬಿಸಿಲಿಲ್ಲದೆ ಮಣ್ಣು ಆರುತ್ತಿಲ್ಲ, ನೀವು ಮಾತ್ರ ಬೇಸಿಗೆಯ ಲೆಕ್ಕದಲ್ಲೇ ನೀರು ಹಾಕುತ್ತಿದ್ದೀರಿ. ಬೇರಿಗೆ ಉಸಿರಾಡಲು ಜಾಗವೇ ಇಲ್ಲ.

ತಟ್ಟೆ ತೆಗೆದು, ಕುಂಡದ ತೂತು ಕಟ್ಟಿಕೊಂಡಿದ್ದರೆ ಮೊಳೆಯಿಂದ ಬಿಡಿಸಿ. ಗಿಡವನ್ನು ಮಣ್ಣುಂಡೆ ಸಮೇತ ಎತ್ತಿ ಬೇರು ನೋಡಿ. ಬೆಳ್ಳಗೆ, ಗಟ್ಟಿಯಾಗಿದ್ದರೆ ಸರಿ. ಕಂದಾಗಿ, ಹಿಸುಕಿದರೆ ಸಿಪ್ಪೆ ಜಾರುವ ಬೇರನ್ನು ಕತ್ತರಿಸಿ ಹಾಕಿ. ಆಮೇಲೆ ಕೆಂಪು ಮಣ್ಣು, ಮರಳು, ಹಳೇ ಕೊಟ್ಟಿಗೆ ಗೊಬ್ಬರ ಸೇರಿಸಿ ಮತ್ತೆ ನೆಡಿ. ಕುಂಡ ತಾರಸಿಗೆ ಹೋಗಲಿ. ಮೇಲಿನ ಎರಡು ಇಂಚು ಒಣಗಿದ ಮೇಲೆ ಮಾತ್ರ ನೀರು. ಡಿಎಪಿ ಈಗ ದಂಡ, ಅದನ್ನು ಹೀರೋಕೆ ಗಟ್ಟಿ ಬೇರು ಬೇಕಲ್ಲ.

ಮಂಡ್ಯ
ಸವರುವ ವಿಷಯ ಯಾರೂ ಹೇಳಲಿಲ್ಲ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಈಗ ಸವರದಿದ್ದರೆ ಬೇಸಿಗೆಯಲ್ಲಿ ಬರೀ ಬಳ್ಳಿ. ನಾನು ಮಣ್ಣಿನಿಂದ ಒಂದೂವರೆ ಅಡಿ ಬಿಟ್ಟು ಕತ್ತರಿಸುತ್ತೇನೆ.

ಶ್ರೀರಂಗಪಟ್ಟಣ
ಹೌದಣ್ಣ, ಆದರೆ ಈ ಗಿಡಕ್ಕೆ ಈಗಲೇ ಬೇಡ. ಬೇರೂ ಕತ್ತರಿಸಿ ತಲೆಯನ್ನೂ ಬೋಳಿಸಿದರೆ ತಡೆಯೋದು ಕಷ್ಟ. ಸಂಕ್ರಾಂತಿ ಕಳೆಯಲಿ.

ಕುವೆಂಪುನಗರ, ಮೈಸೂರು
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಅರ್ಧ ಬೇರು ಕೊಳೆತಿತ್ತು, ತೆಗೆದೆ. ಈಗ ನೀರು ನಾಲ್ಕೈದು ದಿನಕ್ಕೊಮ್ಮೆ. ಎಲೆ ಉದುರುವುದು ನಿಂತಿದೆ. ನಿನ್ನೆ ಒಂದು ಗೆಣ್ಣಿನಲ್ಲಿ ಅಕ್ಕಿಕಾಳಿನಷ್ಟು ಎರಡು ಚಿಗುರು ಕಂಡವು. ಸವರುವುದು ಮುಂದಿನ ವಾರ. ಪಂಚೆಯನ್ನು ನಮ್ಮ ಮನೆಯವರು ವಾಪಸ್ ತಗೊಂಡರು.