ಎಂಬತ್ತರ ದಶಕದ ಪ್ರೊಗ್ರೆಸಿವ್ ರಾಕ್ ನಿಜಕ್ಕೂ ಸೊರಗಿತ್ತೇ?

ಪ್ರಶ್ನೆ (ಬಳ್ಳಾರಿಯಿಂದ):
ಉದ್ದ ರಚನೆಗಳ, ಜಟಿಲ ಲಯಗಳ ರಾಕ್ ಸಂಗೀತವಾದ ಪ್ರೊಗ್ರೆಸಿವ್ ರಾಕ್ ಎಪ್ಪತ್ತರ ದಶಕದೊಂದಿಗೆ ಮುಗಿಯಿತು, ಆಮೇಲೆ ಉಳಿದದ್ದು ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯದ ಥಳುಕು ಮಾತ್ರ ಎಂದು ನಾನು ಬಹುಕಾಲ ನಂಬಿದ್ದೆ. ಸೋದರಮಾವನ ಹಳೆಯ ಪೆಟ್ಟಿಗೆಯಲ್ಲಿ ಯೆಸ್ ತಂಡದ 1983ರ ‘90125’ ಕ್ಯಾಸೆಟ್ ಸಿಕ್ಕಿತು; ಸಡಿಲಗೊಂಡ ಟೇಪನ್ನು ಪೆನ್ಸಿಲಿನಿಂದ ಸುತ್ತಿ ಸರಿಪಡಿಸಿ ಕೇಳಿದ ಮೇಲೆ ಆ ನಂಬಿಕೆ ಅಲುಗಾಡಿದೆ. 1972ರಲ್ಲಿ 18 ನಿಮಿಷಗಳ ರಚನೆ ಕಟ್ಟಿದ ತಂಡ ಚಿಕ್ಕ ಹಾಡುಗಳಿಗೆ ಒಲಿದದ್ದನ್ನು ಪತನವೆನ್ನಬೇಕೇ?

ಉತ್ತರ (ರಾಯಚೂರಿನಿಂದ):
ಸರ್, ಖಂಡಿತ ಅಲ್ಲ. ಕಿಂಗ್ ಕ್ರಿಮ್ಸನ್ ತಂಡದ 1981ರ ‘ಡಿಸಿಪ್ಲಿನ್’ ಆಲ್ಬಮ್ ಕೇಳಿ. ಅದರ ಒಂದು ಹಾಡಿನಲ್ಲಿ ಎರಡು ಗಿಟಾರುಗಳು ಒಂದೇ ವಿನ್ಯಾಸವನ್ನು ಜೊತೆಯಾಗಿ ಆರಂಭಿಸುತ್ತವೆ. ಬಳಿಕ ಒಂದು ಗಿಟಾರು ಒಂದು ಸ್ವರ ಬಿಟ್ಟು 14ರ ಬದಲು 13ಕ್ಕೇ ಆವರ್ತ ಮುಗಿಸುವುದರಿಂದ, ಎರಡೂ ಕ್ರಮೇಣ ದೂರ ಸರಿದು, ಕೊನೆಗೆ ಮತ್ತೆ ಕೂಡುತ್ತವೆ. ತಬಲಾ ಕಲಿತ ನನಗೆ ಅದು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಮರಳಿ ಬಂದ ಸುಖವನ್ನೇ ಕೊಟ್ಟಿತು. ಉದ್ದ ಕಡಿಮೆಯಾಯಿತು, ಲೆಕ್ಕ ಕಡಿಮೆಯಾಗಲಿಲ್ಲ.

ಉತ್ತರ (ಗಂಗಾವತಿಯಿಂದ):
ಅಣ್ಣಾವ್ರೆ, ನಿಮ್ಮ ಮಾತು ಆ ಆಲ್ಬಮ್ಮಿನ ಮಟ್ಟಿಗೆ ಸರಿ. ಆದರೆ 1983ರಲ್ಲಿ ಯಮಾಹಾ ಡಿಎಕ್ಸ್7 ಎಂಬ ಸಿಂಥಸೈಜರ್ ಬಂದ ಮೇಲೆ, ಅದರಲ್ಲಿ ಮೊದಲೇ ತುಂಬಿಟ್ಟ ನಾದಗಳನ್ನೇ ಅನೇಕರು ಹಾಗೆಯೇ ಬಳಸಿದ್ದರಿಂದ, ಬೇರೆ ಬೇರೆ ತಂಡಗಳ ಹಾಡುಗಳು ಒಂದೇ ಅಂಗಡಿಯ ಸರಕಿನಂತೆ ಕೇಳತೊಡಗಿದವು. ನನ್ನ ತಕರಾರು ಅದರ ಮೇಲೆ, ಜನಪ್ರಿಯತೆಯ ಮೇಲಲ್ಲ. ಮರಿಲಿಯನ್ ತಂಡವು 1985ರಲ್ಲಿ ಹಾಡಿನಿಂದ ಹಾಡಿಗೆ ಒಂದೇ ಕಥೆ ಹರಿಯುವ ‘ಮಿಸ್‌ಪ್ಲೇಸ್ಡ್ ಚೈಲ್ಡ್‌ಹುಡ್’ ತಂದಾಗ ಅದು ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಈ ರಾತ್ರಿ ‘ಡಿಸಿಪ್ಲಿನ್’ ಕೇಳುವಾಗ 13ನ್ನು ಬೆರಳಲ್ಲಿ ಎಣಿಸುತ್ತೇನೆ.